ದೇವರಿಗೆ ನಮ್ಮನ್ನು ಒಪ್ಪಿಸಿಕೊಡುವ ಬಗೆ: ಹೆಸರಿಟ್ಟು ಬರೆದು ರುಜು ಹಾಕುವ ಒಂದು ಹಳೆಯ ಕ್ರಮ

ಆರಾಧನೆಯ ಕೊನೆಯಲ್ಲಿ ಸಮರ್ಪಣೆಯ ಗೀತೆ ಹಾಡುತ್ತಾ, ನನ್ನದೆಲ್ಲವೂ ನಿನ್ನದೇ ಕರ್ತನೇ ಎಂದು ಹೇಳುವುದು ನಮ್ಮಲ್ಲಿ ಯಾರಿಗೂ ಕಷ್ಟವಾಗುವುದಿಲ್ಲ. ಆ ‘ಎಲ್ಲ’ದೊಳಗೆ ಮಗಳ ಮದುವೆಯ ತೀರ್ಮಾನ, ಅಣ್ಣನೊಡನೆ ನ್ಯಾಯಾಲಯದಲ್ಲಿರುವ ಮನೆಯ ವ್ಯಾಜ್ಯ, ಎರಡು ವರ್ಷದಿಂದ ಕಾಯುತ್ತಿರುವ ಬಡ್ತಿ, ರಾತ್ರಿ ಎಲ್ಲರೂ ಮಲಗಿದ ಮೇಲೆ ಫೋನಿನಲ್ಲಿ ನೋಡುವ ಸಂಗತಿಗಳು ಸೇರಿವೆಯೇ ಎಂದು ಯಾರಾದರೂ ಕೇಳಿದರೆ ಮಾತ್ರ ತಡವರಿಸುತ್ತೇವೆ. ದೇವರಿಗೆ ತನ್ನನ್ನು ಒಪ್ಪಿಸಿಕೊಡಬೇಕೆಂದು ನಿಜವಾಗಿ ಬಯಸುವವರು ಈ ತಡವರಿಕೆಯಿಂದಲೇ ಆರಂಭಿಸಬೇಕೆಂಬುದು ನನ್ನ ಅಭಿಪ್ರಾಯ. ಹೆಸರಿಟ್ಟು ಹೇಳದ ಸಮರ್ಪಣೆ ಹಾಡಿನ ಜೊತೆಗೆ ಬಂದು, ಹಾಡು ಮುಗಿದೊಡನೆ ಹೋಗಿಬಿಡುತ್ತದೆ.

ಈ ಕೆಲಸಕ್ಕೆ ಸಭೆಯಲ್ಲಿ ಹಳೆಯದೊಂದು ಕ್ರಮವಿದೆ. ಇಂಗ್ಲೆಂಡಿನಲ್ಲಿ ಸಭೆಯ ಸುಧಾರಣೆ ಇನ್ನೂ ಮುಂದುವರಿಯಬೇಕೆಂದ ಪ್ಯೂರಿಟನ್ ಪಂಗಡದ ಬೋಧಕ ರಿಚರ್ಡ್ ಅಲೀನ್ 1663ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ವಿಶ್ವಾಸಿಯೊಬ್ಬನು ದೇವರೊಡನೆ ಒಡಂಬಡಿಕೆ ಮಾಡಿಕೊಳ್ಳುವ ವಿಧಾನವನ್ನು ಹಂತಹಂತವಾಗಿ ವಿವರಿಸಲಾಗಿತ್ತು. ಮೆಥಡಿಸ್ಟ್ ಚಳವಳಿಯ ಮುಂದಾಳು ಜಾನ್ ವೆಸ್ಲಿ 1755ರ ಆಗಸ್ಟ್ 11ರಂದು ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್‌ನ ಫ್ರೆಂಚ್ ದೇವಾಲಯದಲ್ಲಿ ಆ ಒಡಂಬಡಿಕೆಯನ್ನು ಓದಿ ಹೇಳಿದಾಗ ಸುಮಾರು 1800 ಜನ ಎದ್ದು ನಿಂತು ಸಮ್ಮತಿ ಸೂಚಿಸಿದರು. 1780ರಲ್ಲಿ ವೆಸ್ಲಿ ಅದನ್ನು ಚಿಕ್ಕ ಪುಸ್ತಕವಾಗಿಯೂ ಅಚ್ಚು ಹಾಕಿಸಿದರು. ಮೈಸೂರು ಸೀಮೆಯಲ್ಲಿ ವೆಸ್ಲಿಯನ್ ಮಿಷನ್ ಕಟ್ಟಿದ ಸಭೆಗಳು 1947ರಲ್ಲಿ ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಒಳಗೆ ಸೇರಿದವು, ಮತ್ತು ಹೊಸ ವರ್ಷದ ಆರಂಭದಲ್ಲಿ ನಮ್ಮ ಕೆಲವು ಸಭೆಗಳಲ್ಲಿ ನಡೆಯುವ ಒಡಂಬಡಿಕೆಯ ಆರಾಧನೆಗೆ ಮೂಲ ಇದೇ. ಎಲ್ಲರೊಂದಿಗೆ ನಿಂತು ಆ ಮಾತುಗಳನ್ನು ಹೇಳುವುದು ಒಳ್ಳೆಯದೇ. ಆದರೆ ಅಲೀನ್ ಹೆಚ್ಚು ಒತ್ತು ಕೊಟ್ಟದ್ದು ಅದಕ್ಕಿಂತ ಮೊದಲು ಏಕಾಂತದಲ್ಲಿ ಆಗಬೇಕಾದ ಸಿದ್ಧತೆಗೆ, ಮತ್ತು ನಾವು ಸಾಮಾನ್ಯವಾಗಿ ಬಿಟ್ಟುಬಿಡುವುದು ಆ ಭಾಗವನ್ನೇ. ಇಲ್ಲಿ ಹೇಳುವ ಕ್ರಮ ಬಹುಮಟ್ಟಿಗೆ ಅದನ್ನು ಅನುಸರಿಸುತ್ತದೆ. ಅಗತ್ಯವಿದ್ದಲ್ಲಿ ಬೇರೆ ಪರಂಪರೆಗಳಿಂದಲೂ ತೆಗೆದುಕೊಂಡಿದ್ದೇನೆ.

ಯಾರ ಕೈಗೆ ಒಪ್ಪಿಸುತ್ತಿದ್ದೇವೆ

ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯಲ್ಲಿ, ನಿಮ್ಮ ದೇಹಗಳನ್ನು ಸಜೀವ ಯಜ್ಞವಾಗಿ ದೇವರಿಗೆ ಅರ್ಪಿಸಿರಿ ಎಂದು ಕೇಳುವುದು ಹನ್ನೆರಡನೆಯ ಅಧ್ಯಾಯದಲ್ಲಿ. ಅದಕ್ಕೆ ಮುಂಚಿನ ಹನ್ನೊಂದು ಅಧ್ಯಾಯಗಳಲ್ಲಿ ಅವನು ದೇವರು ಮನುಷ್ಯನಿಗಾಗಿ ಏನು ಮಾಡಿದ್ದಾನೆಂಬುದನ್ನು ಹೇಳಿ ಮುಗಿಸಿರುತ್ತಾನೆ, ಮತ್ತು ಕೇಳುವಾಗಲೂ ದೇವರ ಕನಿಕರವನ್ನು ಮುಂದಿಟ್ಟುಕೊಂಡೇ ಕೇಳುತ್ತಾನೆ. ಈ ಅನುಕ್ರಮವನ್ನು ತಲೆಕೆಳಗು ಮಾಡಬಾರದು. ದೇವರು ತನ್ನನ್ನು ಪ್ರೀತಿಸುತ್ತಾನೆಂಬ ನಂಬಿಕೆ ಇನ್ನೂ ಗಟ್ಟಿಯಾಗದವನು ಸಮರ್ಪಣೆಯ ಪತ್ರ ಬರೆಯಲು ಕುಳಿತರೆ, ಕೋಪಿಷ್ಠನಾದ ಒಡೆಯನಿಗೆ ಕಪ್ಪ ಒಪ್ಪಿಸುವವನಂತೆ ಬರೆಯುತ್ತಾನೆ. ಅಂಥವರು ಮೊದಲು ಕೆಲವು ವಾರ ಲೂಕನ ಸುವಾರ್ತೆಯ ಹದಿನೈದನೆಯ ಅಧ್ಯಾಯ, ರೋಮಾಪುರ ಪತ್ರಿಕೆಯ ಐದರಿಂದ ಎಂಟರವರೆಗಿನ ಅಧ್ಯಾಯಗಳು, 139ನೆಯ ಕೀರ್ತನೆ ಇವುಗಳನ್ನು ನಿಧಾನವಾಗಿ ಓದಿಕೊಳ್ಳಲಿ. ಬರೆಯುವ ಕೆಲಸ ಅಲ್ಲಿಯವರೆಗೆ ಕಾಯಬಹುದು.

ಹರಕೆಗೂ ಸಮರ್ಪಣೆಗೂ ಇರುವ ವ್ಯತ್ಯಾಸವನ್ನೂ ಇಲ್ಲಿಯೇ ಗಮನಿಸಬೇಕು. ಮಗ ಪಾಸಾದರೆ ಅವನನ್ನು ಸೇವೆಗೆ ಕಳುಹಿಸುತ್ತೇನೆ, ಶಸ್ತ್ರಚಿಕಿತ್ಸೆ ಸುಸೂತ್ರವಾದರೆ ದಶಮಾಂಶ ತಪ್ಪಿಸುವುದಿಲ್ಲ ಎಂಬಂಥ ಮಾತುಗಳು ನಮ್ಮ ಮನೆಗಳಲ್ಲಿ ಕೇಳಿಬರುತ್ತಲೇ ಇರುತ್ತವೆ. ಸತ್ಯವೇದದ ಹನ್ನಳು ಮಗನಿಗಾಗಿ ಹರಕೆ ಹೊತ್ತಳು, ದೇವರು ಅವಳ ಮೊರೆಯನ್ನು ಕೇಳಿದನು. ಆದ್ದರಿಂದ ಹರಕೆಯನ್ನು ಹೀಗಳೆಯುವಂತಿಲ್ಲ. ಯುದ್ಧದಲ್ಲಿ ಗೆಲುವಿಗಾಗಿ ಯೆಪ್ತಾಹನು ಹೊತ್ತ ಹರಕೆ ಅವನ ಮಗಳಿಗೇ ಮುಳುವಾದದ್ದೂ ಅದೇ ಸತ್ಯವೇದದಲ್ಲಿದೆ. ಹರಕೆಯಲ್ಲಿ ಷರತ್ತನ್ನು ಹಾಕುವವರು ನಾವು. ಸಮರ್ಪಣೆಯಲ್ಲಿ ಫಲಿತಾಂಶವೂ ಒಪ್ಪಿಸಬೇಕಾದ ವಸ್ತುಗಳಲ್ಲಿ ಒಂದಾಗುತ್ತದೆ, ಆದ್ದರಿಂದ ಪರೀಕ್ಷೆಯ ಅಥವಾ ಆಸ್ಪತ್ರೆಯ ಆತಂಕ ನೆತ್ತಿಗೇರಿರುವಾಗ ಈ ಕೆಲಸಕ್ಕೆ ಕೂರದಿರುವುದು ಉತ್ತಮ.

ಹೊತ್ತು ಮತ್ತು ಜಾಗ

ಅಲೀನ್ ಹೇಳುವ ಮೊದಲ ಮಾತೇ, ಇದಕ್ಕಾಗಿ ಒಂದಕ್ಕಿಂತ ಹೆಚ್ಚು ಬಾರಿ ಸಮಯವನ್ನು ಪ್ರತ್ಯೇಕಿಸಿ ಇಡಬೇಕೆಂಬುದು. ಒಂದೇ ರಾತ್ರಿಯ ಉಜ್ಜೀವನ ಕೂಟದಲ್ಲಿ ಮುಗಿಸುವ ಕೆಲಸ ಇದಲ್ಲ. ವಾರಕ್ಕೊಮ್ಮೆ ಒಂದು ಗಂಟೆಯಂತೆ ಮೂರು ನಾಲ್ಕು ವಾರ ಇಟ್ಟುಕೊಂಡರೆ ಸಾಕು. ಎರಡು ಕೋಣೆಗಳ ಮನೆಯಲ್ಲಿ ಏಕಾಂತ ಸಿಗದವರು ಮಹಡಿಯನ್ನೋ, ವಾರದ ನಡುವೆ ತೆರೆದಿರುವ ದೇವಾಲಯವನ್ನೋ ಆರಿಸಿಕೊಳ್ಳಬಹುದು. ಉಪವಾಸ ಮಾಡುವ ರೂಢಿಯಿದ್ದವರು ಮಾಡಲಿ. ಸಕ್ಕರೆ ಕಾಯಿಲೆಯವರು ಹಸಿದುಕೊಂಡು ಕೂರುವ ಅಗತ್ಯವೇನೂ ಇಲ್ಲ.

ಕೂರುವ ಮುನ್ನ ಒಂದು ಸಂಗತಿಯನ್ನು ಮಾತ್ರ ತಪ್ಪಿಸುವಂತಿಲ್ಲ. ಯಜ್ಞವೇದಿಯ ಬಳಿಗೆ ಕಾಣಿಕೆ ತಂದಾಗ ಸಹೋದರನಿಗೆ ನಿನ್ನ ಮೇಲೆ ಏನೋ ಮನಸ್ತಾಪವಿದೆಯೆಂದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ಸಮಾಧಾನ ಮಾಡಿಕೊ ಎಂದು ಯೇಸು ಹೇಳಿದ್ದಾನೆ. ತೀರಿಸಬೇಕಾದ ಸಾಲ, ಕೇಳಬೇಕಾದ ಕ್ಷಮೆ, ಹಿಂದಿರುಗಿಸಬೇಕಾದ ವಸ್ತು ಇದ್ದರೆ ಆ ಕೆಲಸ ಮೊದಲು ಆಗಲಿ. ಎದುರಿನವರು ಸಮಾಧಾನಕ್ಕೆ ಒಪ್ಪದಿದ್ದರೆ ಅದು ಅವರಿಗೆ ಬಿಟ್ಟದ್ದು. ನಮ್ಮ ಕಡೆಯಿಂದ ಹೋಗಿಬಂದಿರಬೇಕು.

ಪಟ್ಟಿ

ಇನ್ನು ಕಾಗದ ತೆಗೆದುಕೊಳ್ಳಬೇಕು. ಜಮೀನಿನ ಕ್ರಯಪತ್ರದಲ್ಲಿ ‘ನನ್ನ ಜಮೀನೆಲ್ಲ’ ಎಂದು ಬರೆದರೆ ನೋಂದಣಿ ಆಗುವುದಿಲ್ಲ. ಸರ್ವೆ ನಂಬರು, ವಿಸ್ತೀರ್ಣ, ನಾಲ್ಕು ದಿಕ್ಕಿನ ಚಕ್ಕುಬಂದಿ ಇವನ್ನು ಬರೆದರೇನೇ ಯಾವ ನೆಲ ಕೈ ಬದಲಾಯಿತೆಂದು ಗೊತ್ತಾಗುವುದು. ಇಲ್ಲಿಯೂ ಅಷ್ಟೇ ಖಚಿತವಾಗಿ ಬರೆಯಬೇಕು. ‘ನನ್ನ ಹಣ’ ಎಂದು ಬರೆಯುವ ಬದಲು ಸಂಬಳ, ನಿವೃತ್ತಿಯ ಮೇಲೆ ಬರುವ ದುಡ್ಡು, ತಾಯಿ ಕೊಟ್ಟ ಬಂಗಾರ, ಲೆಕ್ಕಕ್ಕೆ ತೋರಿಸದ ಬಾಡಿಗೆ ಎಂದು ಬಿಡಿಸಿ ಬರೆಯಿರಿ. ‘ನನ್ನ ಕುಟುಂಬ’ ಎಂಬಲ್ಲಿ ಒಬ್ಬೊಬ್ಬರ ಹೆಸರನ್ನೂ, ಆ ಒಬ್ಬೊಬ್ಬರ ವಿಷಯದಲ್ಲಿ ನೀವು ಯಾವುದಕ್ಕೆ ಹೆದರುತ್ತೀರಿ ಎಂಬುದನ್ನೂ ಬರೆಯಿರಿ. ಆರೋಗ್ಯ, ಉದ್ಯೋಗ, ಊರಿನಲ್ಲಿರುವ ಹೆಸರು, ಹಳೆಯ ಪಾಪದ ನೆನಪು, ಯಾರ ಮೇಲೋ ಉಳಿಸಿಕೊಂಡಿರುವ ಸಿಟ್ಟು ಇವೂ ಪಟ್ಟಿಯಲ್ಲಿ ಬರಲಿ.

ಎರಡು ವಿಷಯಗಳು ಮಾತ್ರ ಬರೆಯುವವರ ಕಣ್ಣಿನಿಂದ ಸುಲಭವಾಗಿ ಜಾರಿಹೋಗುತ್ತವೆ. ಮೊದಲನೆಯದು ಮಕ್ಕಳು. ಅವರ ಒಳಿತನ್ನು ದೇವರಲ್ಲಿ ಬೇಡುವುದನ್ನೇ ಅವರನ್ನು ಒಪ್ಪಿಸುವುದೆಂದು ತಂದೆತಾಯಿಗಳು ಭಾವಿಸುತ್ತಾರೆ. ಮಗನು ಇಂಜಿನಿಯರಿಂಗ್ ಬಿಟ್ಟು ಬೇರೆ ದಾರಿ ಹಿಡಿದರೂ, ಮಗಳು ತಡವಾಗಿ ಮದುವೆಯಾದರೂ ಅಥವಾ ಆಗದೆಯೇ ಇದ್ದರೂ ಅವರು ದೇವರ ಕೈಯಲ್ಲಿದ್ದಾರೆಂದು ಒಪ್ಪುವುದು ಇನ್ನೊಂದೇ ಬಗೆಯ ಪ್ರಾರ್ಥನೆ, ಮತ್ತು ಅದರಲ್ಲಿ ಮಕ್ಕಳ ಜೀವನವನ್ನು ತಾವು ನಡೆಸುತ್ತೇವೆಂಬ ಹಟವನ್ನು ಬಿಡುವುದೂ ಸೇರಿದೆ. ಎರಡನೆಯದು ಸಭೆಯ ಸೇವೆ. ಭಾನುವಾರ ಶಾಲೆಯನ್ನು ಇಪ್ಪತ್ತು ವರ್ಷ ನಡೆಸಿದವರು, ಗಾಯಕವೃಂದದ ಮುಂದಾಳುಗಳು, ಸಮಿತಿಯ ಕಾರ್ಯದರ್ಶಿಗಳು ತಮ್ಮ ಸೇವೆ ಈಗಾಗಲೇ ದೇವರದಾಗಿದೆ ಎಂದುಕೊಂಡು ಅದನ್ನು ಪಟ್ಟಿಗೆ ಸೇರಿಸುವುದಿಲ್ಲ. ಆ ಹುದ್ದೆಗೆ ಬೇರೆಯವರನ್ನು ನೇಮಿಸಿದ ದಿನ ಸಭೆಗೆ ಬರುವುದನ್ನೇ ನಿಲ್ಲಿಸಿದವರನ್ನು ನಾವೆಲ್ಲರೂ ನೋಡಿದ್ದೇವೆ.

ಪಟ್ಟಿಯಲ್ಲಿ ಬರೆದದ್ದನ್ನೆಲ್ಲ ದೇವರು ಕಿತ್ತುಕೊಂಡೇಬಿಡುತ್ತಾನೆಂಬ ಭಯ ಬೇಡ. ಐಶ್ವರ್ಯವಂತನಾದ ಯುವಕನಿಗೆ ಎಲ್ಲವನ್ನೂ ಮಾರು ಎಂದು ಹೇಳಿದ ಯೇಸು, ಸುಂಕ ವಸೂಲಿ ಮಾಡುತ್ತಿದ್ದ ಜಕ್ಕಾಯನಿಗೆ ಯಾವ ಮೊತ್ತವನ್ನೂ ಹೇಳಲಿಲ್ಲ. ಅರ್ಧ ಆಸ್ತಿ ಬಡವರಿಗೆ, ವಂಚಿಸಿ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ಎಂದವನು ಜಕ್ಕಾಯನೇ. ಬೇಥಾನ್ಯದ ಮಾರ್ಥಳನ್ನು ಮನೆ ಬಿಡಲು ಕೇಳಲಿಲ್ಲ, ಆ ಮನೆಯಲ್ಲಿ ತಾನೇ ಅತಿಥಿಯಾಗಿ ಉಳಿದುಕೊಂಡನು. ಹೊಲ ಮಾರಿದ ಹಣದಲ್ಲಿ ಒಂದು ಪಾಲನ್ನು ಬಚ್ಚಿಟ್ಟ ದಂಪತಿ ಅನನೀಯ ಸಪ್ಫೈರರ ಪ್ರಸಂಗದಲ್ಲಿಯೂ, ಹೊಲ ಮಾರುವ ಮುಂಚೆ ಅದು ನಿನ್ನದೇ ಆಗಿತ್ತಲ್ಲವೇ, ಮಾರಿದ ಮೇಲೂ ಹಣ ನಿನ್ನ ವಶದಲ್ಲೇ ಇತ್ತಲ್ಲವೇ ಎಂದು ಪೇತ್ರನು ಕೇಳುತ್ತಾನೆ. ಸ್ವಲ್ಪ ಉಳಿಸಿಕೊಂಡದ್ದು ಅವರ ಅಪರಾಧವಾಗಿರಲಿಲ್ಲ, ಪೂರ್ತಿ ಕೊಟ್ಟೆವೆಂದು ನಟಿಸಿದ್ದು ಅಪರಾಧವಾಯಿತು. ಇದರಿಂದ ಬರೆಯುವವರಿಗೆ ಒಂದು ಸ್ವಾತಂತ್ರ್ಯ ಸಿಗುತ್ತದೆ: ಇನ್ನೂ ಕೊಡಲಾಗದ್ದನ್ನು ಕೊಟ್ಟೆನೆಂದು ಬರೆಯದಿರುವ ಸ್ವಾತಂತ್ರ್ಯ. ಅದರ ಮುಂದೆ ‘ಇದಕ್ಕೆ ಮನಸ್ಸು ಒಪ್ಪುತ್ತಿಲ್ಲ’ ಎಂದೇ ಬರೆಯಿರಿ.

ಮನಸ್ಸು ಒಪ್ಪದ ಕಡೆ

ಪಟ್ಟಿಯಲ್ಲಿ ಹೀಗೆ ಗುರುತು ಬಿದ್ದ ಸಾಲುಗಳೇ ನಿಜವಾದ ಕೆಲಸ ನಡೆಯುವ ಜಾಗ, ಮತ್ತು ಅಲ್ಲಿ ನಮಗೆ ದಾರಿ ತೋರಿಸುವುದು ಯೇಸು ತನ್ನನ್ನು ಹಿಡಿದುಕೊಂಡುಹೋದ ರಾತ್ರಿ ಗೆತ್ಸೇಮನೆ ತೋಟದಲ್ಲಿ ಮಾಡಿದ ಪ್ರಾರ್ಥನೆ. ಮತ್ತಾಯನು ಅದನ್ನು ಮೂರು ಸಲದ ಪ್ರಾರ್ಥನೆಯಾಗಿ ಬರೆದಿದ್ದಾನೆ. ಮೊದಲ ಸಲ ಯೇಸು, ಸಾಧ್ಯವಾದರೆ ಈ ಪಾತ್ರೆ ನನ್ನನ್ನು ಬಿಟ್ಟು ಹೋಗಲಿ ಎಂದು ನೇರವಾಗಿಯೇ ಕೇಳುತ್ತಾನೆ, ಆದರೂ ನಿನ್ನ ಚಿತ್ತದಂತಾಗಲಿ ಎಂದು ಸೇರಿಸುತ್ತಾನೆ. ಎರಡನೆಯ ಸಲ ಮಾತು ಬದಲಾಗಿದೆ: ನಾನು ಕುಡಿಯದೆ ಇದು ಹೋಗುವಂಥದ್ದಲ್ಲವಾದರೆ ನಿನ್ನ ಚಿತ್ತವೇ ಆಗಲಿ ಎಂದಿದ್ದಾನೆ. ಮೂರನೆಯ ಸಲ ಅದೇ ಮಾತನ್ನು ಮತ್ತೆ ಹೇಳಿದನೆಂದು ಮಾತ್ರ ಇದೆ. ದೇವಕುಮಾರನೇ ತನ್ನ ಬಯಕೆಯನ್ನು ಮುಚ್ಚಿಡಲಿಲ್ಲ, ಒಂದೇ ಉಸಿರಿನಲ್ಲಿ ಮುಗಿಸಲೂ ಇಲ್ಲ, ಹೇಳಿದ ಮಾತನ್ನು ಮತ್ತೆ ಹೇಳಲು ಸಂಕೋಚಪಡಲಿಲ್ಲ.

ಇದನ್ನು ಹಾಗೆಯೇ ಅನುಸರಿಸಬಹುದು. ಗುರುತು ಬಿದ್ದ ಒಂದು ಸಾಲನ್ನು ಮಾತ್ರ ತೆಗೆದುಕೊಳ್ಳಿ. ಮೊದಲ ದಿನ ನಿಮಗೆ ಏನು ಬೇಕೆಂಬುದನ್ನು ಅಲಂಕಾರವಿಲ್ಲದೆ ದೇವರಿಗೆ ಹೇಳಿ: ಈ ಗಂಟು ಕ್ಯಾನ್ಸರ್ ಆಗಿರಬಾರದು, ಈ ಮನೆ ನನಗೇ ಉಳಿಯಬೇಕು, ಅವನು ನನ್ನ ಬಳಿಗೆ ತಿರುಗಿ ಬರಬೇಕು. ಅತ್ತರೂ ಜಗಳವಾಡಿದರೂ ತಪ್ಪಿಲ್ಲ, ಕೀರ್ತನೆಗಳಲ್ಲಿ ಅದು ಧಾರಾಳವಾಗಿದೆ. ಎರಡನೆಯ ಬಾರಿ ಕುಳಿತಾಗ, ಹಾಗಾಗದಿದ್ದರೆ ಎಂಬ ಮಾತನ್ನು ಸೇರಿಸಿ, ಆ ಸ್ಥಿತಿಯಲ್ಲಿ ದೇವರು ನಿಮ್ಮೊಡನೆ ಇರುವುದನ್ನು ನೆನೆಯುತ್ತಾ ಅವನ ಚಿತ್ತವಾಗಲೆಂದು ಬೇಡಿ. ಆ ಮಾತು ಗಂಟಲಲ್ಲಿ ಸಿಕ್ಕಿಕೊಂಡರೆ, ನಿನ್ನ ಚಿತ್ತವನ್ನು ಬಯಸುವ ಮನಸ್ಸನ್ನು ಕೊಡು ಎಂದಷ್ಟೇ ಕೇಳಿ ಎದ್ದೇಳಿ. ಮುಂದಿನ ಸಲ ಅದನ್ನೇ ಮತ್ತೆ ಹೇಳಿ. ಕೆಲವು ಸಾಲುಗಳಿಗೆ ಮೂರು ಸಲ ಸಾಲದು, ವರ್ಷವೇ ಬೇಕಾಗುತ್ತದೆ. ತನ್ನ ಶರೀರದಲ್ಲಿದ್ದ ಮುಳ್ಳನ್ನು ತೆಗೆಯೆಂದು ಪೌಲನು ಮೂರು ಸಾರಿ ಬೇಡಿಕೊಂಡನು. ಮುಳ್ಳು ಹೋಗಲಿಲ್ಲ, ಕೃಪೆ ಸಾಕೆಂಬ ಉತ್ತರ ಬಂತು.

ಈ ಹೊತ್ತಿನಲ್ಲಿ ಶಾಂತಿಯ ಅನುಭವ ಬಂದೇ ಬರುತ್ತದೆಂದು ನಿರೀಕ್ಷಿಸಬಾರದು. ಲೂಕನು ಹೇಳುವ ಪ್ರಕಾರ ಯೇಸು ಮನೋವ್ಯಥೆಯಲ್ಲಿಯೇ ಪ್ರಾರ್ಥಿಸಿದನು, ಅವನ ಬೆವರು ರಕ್ತದ ಹನಿಗಳಂತೆ ನೆಲಕ್ಕೆ ಬಿತ್ತು. ಒಪ್ಪಿಸಿದನೆಂಬುದಕ್ಕೆ ಗುರುತು ಅವನು ಎದ್ದು, ತನ್ನನ್ನು ಹಿಡಿಯಲು ಬಂದವರನ್ನು ಎದುರುಗೊಂಡದ್ದರಲ್ಲಿದೆ. ಮರುದಿನ ನೀವು ವಕೀಲರಿಗೆ ಮಾಡುವ ಫೋನಿನಲ್ಲಿ, ವೈದ್ಯರ ಬಳಿ ಹೋಗುವ ನಿರ್ಧಾರದಲ್ಲಿ, ಮಗನೊಡನೆ ಮಾತಾಡುವ ಧಾಟಿಯಲ್ಲಿ ಏನಾದರೂ ಬದಲಾಗಿದೆಯೇ ಎಂದು ನೋಡಿದರೆ ಸಾಕು.

ಓದಿ ರುಜು ಹಾಕುವುದು

ಅಲೀನ್‌ರ ಸಲಹೆ ಸ್ಪಷ್ಟವಾಗಿದೆ: ಒಡಂಬಡಿಕೆಯನ್ನು ಹೃದಯದಲ್ಲಿ ಮಾತ್ರವಲ್ಲದೆ ಬಾಯಿಮಾತಿನಲ್ಲಿಯೂ, ಬಾಯಿಮಾತಿನಲ್ಲಿ ಮಾತ್ರವಲ್ಲದೆ ಬರಹದಲ್ಲಿಯೂ ಮಾಡಬೇಕು, ಆ ಬರಹವನ್ನು ಭಕ್ತಿಯಿಂದ ದೇವರ ಮುಂದೆ ಹರಡಿ, ಕೈಬರಹದ ರುಜು ಹಾಕಿ, ಸಂದೇಹ ಮತ್ತು ಶೋಧನೆಯ ದಿನಗಳಲ್ಲಿ ತೆಗೆದು ನೋಡಲು ಕಾಪಾಡಿಕೊಳ್ಳಬೇಕು. ಪಟ್ಟಿ ಒಂದು ಹದಕ್ಕೆ ಬಂದ ಮೇಲೆ ಒಂದು ದಿನವನ್ನು ಗೊತ್ತುಮಾಡಿ. ಕರ್ತನ ಭೋಜನಕ್ಕೆ ಹೋಗುವ ಭಾನುವಾರದ ಹಿಂದಿನ ಸಂಜೆ ಇದಕ್ಕೆ ಅನುಕೂಲವಾದದ್ದು, ಏಕೆಂದರೆ ನಮ್ಮ ಸಮರ್ಪಣೆಯು ಕ್ರಿಸ್ತನ ಸಮರ್ಪಣೆಗೆ ಉತ್ತರವೆಂಬುದು ಮರುದಿನ ರೊಟ್ಟಿ ಮತ್ತು ಪಾತ್ರೆಯ ಮುಂದೆ ತಾನಾಗಿ ತಿಳಿಯುತ್ತದೆ. ಮೊಣಕಾಲೂರಿ, ಕಾಗದವನ್ನು ಗಟ್ಟಿಯಾಗಿ ಓದಿ. ಕೊನೆಯಲ್ಲಿ ನಿಮ್ಮದೇ ಮಾತಿನಲ್ಲಿ ಎರಡು ಮೂರು ವಾಕ್ಯ ಬರೆದುಕೊಂಡರೆ ಸಾಕು: ಇನ್ನು ಮುಂದೆ ನಾನು ನನ್ನವನಲ್ಲ, ಯೇಸುವಿನ ನಿಮಿತ್ತ ನಿನ್ನವನು, ಇಲ್ಲಿ ಬರೆದಿರುವುದನ್ನು ನಿನ್ನ ಇಷ್ಟದಂತೆ ಬಳಸು, ನನಗೆ ಆಗದಿರುವುದನ್ನು ನಿನ್ನ ಆತ್ಮನ ಬಲದಿಂದ ನಡೆಸು. ದಿನಾಂಕ ಹಾಕಿ ರುಜು ಮಾಡಿ.

ವೆಸ್ಲಿಯ ಪರಂಪರೆಯಲ್ಲಿ ಇಂದು ಬಳಸುವ ಒಡಂಬಡಿಕೆಯ ಪ್ರಾರ್ಥನೆಯಲ್ಲಿ ಬರುವ ಒಂದು ಕೋರಿಕೆಯನ್ನು ಈ ವಾಕ್ಯಗಳಿಗೆ ಸೇರಿಸಿಕೊಳ್ಳುವುದು ಒಳ್ಳೆಯದು. ನಿನಗಾಗಿ ಕೆಲಸಕ್ಕೆ ಹಚ್ಚು, ಇಲ್ಲವೆ ನಿನಗಾಗಿ ಪಕ್ಕಕ್ಕೆ ಇಡು ಎಂಬುದು ಅದರ ತಾತ್ಪರ್ಯ. ದುಡಿಯಲು ಸಿದ್ಧರಿರುವವರು ಎಷ್ಟೋ ಜನ ಇದ್ದಾರೆ. ಪಕ್ಕಕ್ಕೆ ಇಡಲ್ಪಡಲು, ಅಂದರೆ ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿಯಲು, ನಿವೃತ್ತಿಯ ಮರುದಿನ ಯಾರೂ ಕರೆಯದ ಮನುಷ್ಯನಾಗಿ ಕೂರಲು ಸಿದ್ಧರಾಗುವುದು ಬೇರೆಯೇ. ಈ ಪ್ರಾರ್ಥನೆಯಲ್ಲಿ ಅತ್ಯಂತ ಕಠಿಣವಾದ ಮಾತು ಅದೇ ಎಂದು ನನಗೆ ಅನ್ನಿಸುತ್ತದೆ.

ಕಥೋಲಿಕ ಓದುಗರಿಗೆ ಇದೇ ಕೆಲಸಕ್ಕೆ ಯೇಸುಸಭೆಯನ್ನು (ಜೆಸ್ಯೂಟ್) ಸ್ಥಾಪಿಸಿದ ಲೊಯೊಲಾದ ಸಂತ ಇಗ್ನೇಷಿಯಸ್‌ನ ಪ್ರಾರ್ಥನೆ ಪರಿಚಿತವಿರಬಹುದು. ಅದರಲ್ಲಿ ಸ್ವಾತಂತ್ರ್ಯ, ಸ್ಮರಣೆ, ಬುದ್ಧಿ, ಇಚ್ಛೆ ಎಂದು ಒಂದೊಂದನ್ನೂ ಹೆಸರಿಸಿ ಒಪ್ಪಿಸಿ, ಬದಲಿಗೆ ದೇವರ ಪ್ರೀತಿಯನ್ನೂ ಕೃಪೆಯನ್ನೂ ಮಾತ್ರ ಬೇಡಲಾಗುತ್ತದೆ. ಸ್ಮರಣೆಯನ್ನು ಪ್ರತ್ಯೇಕವಾಗಿ ಹೆಸರಿಸಿರುವುದು ಗಮನಾರ್ಹ: ಮರೆಯಲಾಗದ ಅವಮಾನಗಳನ್ನು ಹೊತ್ತು ತಿರುಗುವವರು ಆ ಸಾಲಿನ ಬಳಿ ಹೆಚ್ಚು ಹೊತ್ತು ನಿಲ್ಲಬಹುದು.

ಮನುಷ್ಯರ ಕೈಗೆ ಒಪ್ಪಿಸುವ ಅಪಾಯ

ಪಟ್ಟಿಯನ್ನು ಯಾರಿಗೂ ತೋರಿಸಬೇಕಾಗಿಲ್ಲ. ತೋರಿಸುವುದಾದರೆ, ಗುಟ್ಟು ಕಾಯುವ, ನಿಮ್ಮಿಂದ ಏನನ್ನೂ ಬಯಸದ ಒಬ್ಬ ಹಿರಿಯ ವಿಶ್ವಾಸಿಗೋ ಸಭಾಪಾಲಕರಿಗೋ ತೋರಿಸಿ. ಏಕೆಂದರೆ ದೇವರಿಗೆ ಒಪ್ಪಿಸಿದ್ದೇನೆ ಎನ್ನುವ ಮನುಷ್ಯ ಬಹಳ ಮೆತ್ತಗಿರುತ್ತಾನೆ, ಮತ್ತು ಆ ಮೆತ್ತನೆಯ ಸ್ಥಿತಿಯನ್ನು ಬಳಸಿಕೊಳ್ಳುವವರು ಸಭೆಗಳಲ್ಲಿ ಇಲ್ಲವೆಂದಿಲ್ಲ. ಆಸ್ತಿಯನ್ನು ಒಬ್ಬ ಬೋಧಕನ ಹೆಸರಿಗೆ ಬರೆದುಕೊಡು, ಇಂಥವನನ್ನೇ ಮದುವೆಯಾಗಬೇಕೆಂದು ನನಗೆ ಪ್ರವಾದನೆ ಬಂದಿದೆ, ಮಾತ್ರೆ ನುಂಗುವುದು ಅವಿಶ್ವಾಸ ಎಂದು ಯಾರಾದರೂ ಹೇಳಿದರೆ ಅದನ್ನು ದೇವರ ಚಿತ್ತವೆಂದು ಒಪ್ಪಿಕೊಳ್ಳುವ ಮೊದಲು ಪರಿಶೋಧಿಸಬೇಕು. ಎಲ್ಲವನ್ನೂ ಪರಿಶೋಧಿಸಿರಿ ಎಂಬುದು ಥೆಸಲೋನಿಕದವರಿಗೆ ಪೌಲನು ಕೊಟ್ಟ ಆಜ್ಞೆ. ಹೊಡೆಯುವ ಗಂಡನ ಮನೆಯಲ್ಲಿ ಸಹಿಸಿಕೊಂಡು ಇರುವುದೇ ನಿನ್ನ ಶಿಲುಬೆ ಎಂದು ಹೆಣ್ಣುಮಕ್ಕಳಿಗೆ ಬುದ್ಧಿ ಹೇಳುವುದು ಇದಕ್ಕಿಂತ ಕೆಟ್ಟದ್ದು. ಯೇಸುವನ್ನು ಕೊಲ್ಲಲು ಜನ ಕಲ್ಲೆತ್ತಿಕೊಂಡಾಗ ಅವನು ದೇವಾಲಯದಿಂದ ಹೊರಟುಹೋದನು, ಪೌಲನನ್ನು ದಮಸ್ಕದ ಗೋಡೆಯಿಂದ ಪುಟ್ಟಿಯಲ್ಲಿ ಇಳಿಸಿ ಪಾರುಮಾಡಲಾಯಿತು. ಅಪಾಯದಿಂದ ದೂರ ಹೋಗುವುದು ಸಮರ್ಪಣೆಗೆ ವಿರುದ್ಧವಲ್ಲ, ಪೊಲೀಸರ ಬಳಿ ಹೋಗುವುದೂ ವಿರುದ್ಧವಲ್ಲ.

ಹಾಗೆಯೇ ಒಪ್ಪಿಸಿಬಿಟ್ಟೆ ಎಂದು ಕೈಕಟ್ಟಿ ಕೂರುವುದೂ ಸರಿಯಲ್ಲ. ದೇವರಿಗೆ ಅಧೀನರಾಗಿರಿ ಎಂದು ಬರೆದ ಯಾಕೋಬನು ಅದೇ ವಾಕ್ಯದ ಮುಂದೆ ಸೈತಾನನನ್ನು ಎದುರಿಸಿರಿ ಎನ್ನುತ್ತಾನೆ. ಕೆಲಸಕ್ಕೆ ಅರ್ಜಿ ಹಾಕಬೇಕು, ಓದಬೇಕು, ಔಷಧ ತೆಗೆದುಕೊಳ್ಳಬೇಕು. ಫಲವನ್ನು ಮಾತ್ರ ಬಿಗಿಹಿಡಿಯಬಾರದು.

ದಿನನಿತ್ಯ

ತನ್ನ ಶಿಲುಬೆಯನ್ನು ಹೊತ್ತುಕೊಂಡು ಹಿಂಬಾಲಿಸಬೇಕೆಂಬ ಮಾತಿಗೆ ‘ದಿನಾಲೂ’ ಎಂಬ ಮಾತನ್ನು ಸೇರಿಸಿರುವವನು ಲೂಕ. ಬೆಳಿಗ್ಗೆ ಹಾಸಿಗೆಯಿಂದ ಏಳುವಾಗ, ಆ ದಿನ ಎದುರಾಗಬಹುದಾದ ಒಂದೇ ಒಂದು ಸಂಗತಿಯನ್ನು ಹೆಸರಿಸಿ ಒಪ್ಪಿಸಿದರೆ ಸಾಕು. ರಾತ್ರಿ ಇಗ್ನೇಷಿಯಸ್ ಕಲಿಸಿದ ಆತ್ಮಶೋಧನೆಯನ್ನು ಹತ್ತು ನಿಮಿಷ ಮಾಡಬಹುದು: ದಿನದ ಒಳಿತಿಗೆ ವಂದಿಸಿ, ಕಾಣುವ ಬೆಳಕನ್ನು ಬೇಡಿ, ಬೆಳಗಿನಿಂದ ನಡೆದದ್ದನ್ನು ಗಂಟೆ ಗಂಟೆಯಾಗಿ ನೆನೆದು, ತಪ್ಪಿದ್ದಕ್ಕೆ ಕ್ಷಮೆ ಕೇಳಿ, ನಾಳೆಗೆ ಒಂದು ನಿರ್ಧಾರ ಮಾಡುವುದು. ಉದ್ದನೆಯ ಪ್ರಾರ್ಥನೆ ಮಾಡಲಾಗದ ಮನೆವಾರ್ತೆಯವರಿಗೂ ರಾತ್ರಿ ಪಾಳಿಯವರಿಗೂ ಇದು ಹಿಡಿಸುತ್ತದೆ.

ಒಪ್ಪಿಸಿದ್ದನ್ನು ನಾವು ಹಿಂದಕ್ಕೆ ತೆಗೆದುಕೊಳ್ಳುತ್ತೇವೆ. ಅದು ಖಂಡಿತ ಆಗುತ್ತದೆ. ನಿನ್ನೊಡನೆ ಸಾಯಲೂ ಸಿದ್ಧ ಎಂದಿದ್ದ ಪೇತ್ರನು ಕೋಳಿ ಕೂಗುವುದರೊಳಗೆ ಮೂರು ಸಲ ಅಲ್ಲಗಳೆದನು. ಪುನರುತ್ಥಾನದ ನಂತರ ತಿಬೇರಿಯ ಸಮುದ್ರದ ದಡದಲ್ಲಿ ಯೇಸು ಅವನಿಗೆ ಊಟ ಕೊಟ್ಟು, ಮೂರು ಸಲ ಒಂದೇ ಪ್ರಶ್ನೆ ಕೇಳಿ, ಕುರಿಗಳನ್ನು ಮೇಯಿಸುವ ಕೆಲಸ ಕೊಟ್ಟನು. ಆದ್ದರಿಂದ ಸಿಟ್ಟು ಮತ್ತೆ ತಲೆಯೆತ್ತಿದ ದಿನ ಇಡೀ ಒಡಂಬಡಿಕೆ ಮುರಿದುಬಿತ್ತೆಂದು ಕಾಗದ ಹರಿಯಬೇಡಿ. ಜಾರಿದ ಆ ಒಂದು ಸಾಲನ್ನು ಮಾತ್ರ ತೆಗೆದು, ಪಾಪವನ್ನು ಅರಿಕೆ ಮಾಡಿ, ಮತ್ತೆ ಒಪ್ಪಿಸಿ. ಒಂದೇ ಸಾಲು ಪದೇ ಪದೇ ಜಾರುತ್ತಿದ್ದರೆ, ಮುಖ್ಯವಾಗಿ ಕುಡಿತವೋ ಬೇರೆ ಚಟವೋ ಇದ್ದರೆ, ಏಕಾಂತದ ಪ್ರಾರ್ಥನೆಯ ಜೊತೆಗೆ ವೈದ್ಯರ ಮತ್ತು ಜೊತೆಗಾರರ ಸಹಾಯವನ್ನೂ ಪಡೆಯಿರಿ.

ವರ್ಷ ತುಂಬಿದಾಗ ಹಳೆಯ ಕಾಗದವನ್ನು ಬಿಚ್ಚಿ ಓದಿ. ಕೆಲವು ಸಾಲುಗಳು ಈಗ ಅನಗತ್ಯವಾಗಿರುತ್ತವೆ: ವ್ಯಾಜ್ಯ ತೀರ್ಮಾನವಾಗಿರುತ್ತದೆ, ಹೆದರಿದ್ದ ಕಾಯಿಲೆ ಬಂದಿರುತ್ತದೆ ಅಥವಾ ಬಂದಿರುವುದಿಲ್ಲ. ಅವುಗಳ ಪಕ್ಕದಲ್ಲಿ ಏನಾಯಿತೆಂದು ಒಂದು ಮಾತು ಬರೆಯಿರಿ. ‘ಮನಸ್ಸು ಒಪ್ಪುತ್ತಿಲ್ಲ’ ಎಂದಿದ್ದ ಸಾಲುಗಳಲ್ಲಿ ಇನ್ನೂ ಹಾಗೆಯೇ ಉಳಿದವನ್ನು ಹೊಸ ಕಾಗದಕ್ಕೆ ಇಳಿಸಿ, ಈ ವರ್ಷ ಹೊಸದಾಗಿ ಬಂದವನ್ನು ಸೇರಿಸಿ, ದಿನಾಂಕ ಹಾಕಿ, ಮತ್ತೆ ರುಜು ಮಾಡಿ.